ರಟ್ಟಜಿನಾಲಯದ ಶಾಸನವೂ ಕಮಲಬಸದಿಯೂ

ಬೆಳಗಾವಿಯ ಕೋಟೆಯೊಳಗಣ ಕಮಲಬಸದಿಯನ್ನು ವರ್ಣಿಸಹೊರಟವರಲ್ಲಿ ಬಹುಮಂದಿ ಕರುಣರಸವನ್ನೇ ಆಶ್ರಯಿಸುವರು. ಮುಕ್ಕಾದ ಶಿಲೆ, ನಿಶ್ಶಬ್ದವಾದ ಮಂಟಪ, ಕಾಲಪುರುಷನ ಕ್ರೌರ್ಯ, ಇವೇ ಅವರ ಸಾಮಗ್ರಿ. ಶೋಕವು ಸ್ಥಾಯಿಯಾಗಬೇಕಾದರೆ ಇಷ್ಟವಸ್ತುವಿನ ನಾಶವು ಮೊದಲು ಸಿದ್ಧವಾಗಬೇಕಷ್ಟೆ. ಇಲ್ಲಿ ನಷ್ಟವಾದುದೇನು, ಉಳಿದುದೇನು, ಉಳಿದುದು ಈಗ ಎಲ್ಲಿದೆ ಎಂಬ ವಿಚಾರವನ್ನೇ ಮಾಡದೆ ಕಣ್ಣೀರಿಡುವುದು ಔಚಿತ್ಯವೆನಿಸದು. ಆ ವಿಚಾರಕ್ಕೆ ಮುಖ್ಯಸಾಧನವು ಬಸದಿಯ ಶಾಸನವೇ.

ಕ್ರಿ. ಶ. 1204ರಲ್ಲಿ, ರಟ್ಟವಂಶದ ನಾಲ್ಕನೆಯ ಕಾರ್ತವೀರ್ಯನು ತಮ್ಮನಾದ ಮಲ್ಲಿಕಾರ್ಜುನನೊಡನೆ ವೇಣುಗ್ರಾಮದಿಂದ, ಎಂದರೆ ಇಂದಿನ ಬೆಳಗಾವಿಯಿಂದ, ಆಳುತ್ತಿದ್ದಾಗ, ಆತನ ಅಧಿಕಾರಿಯಾದ ಬೀಚಣನು ಕಟ್ಟಿಸಿದ ರಟ್ಟಜಿನಾಲಯಕ್ಕಾಗಿ ಶುಭಚಂದ್ರ ಭಟ್ಟಾರಕರಿಗೆ ದತ್ತಿಗಳು ಸಂದುವು. ಇದನ್ನು ಹೇಳುವ ಶಿಲಾಶಾಸನಗಳು ಎರಡು. ಎರಡೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ವಶದಲ್ಲಿವೆ. ಬಾರ್ನೆಟ್ ಪಂಡಿತರು ಅವುಗಳನ್ನು ಎಪಿಗ್ರಾಫಿಯಾ ಇಂಡಿಕಾದ 13ನೆಯ ಸಂಪುಟದಲ್ಲಿ ಪರಿಷ್ಕರಿಸಿ ಪ್ರಕಟಿಸಿದರು. ಶಾಸನಕವಿಯು ಕವಿಕಂದರ್ಪನೆಂಬ ಬಿರುದಿನ ಬಾಲಚಂದ್ರ.

ಬಾಲಚಂದ್ರನ ಪದ್ಯಗಳಲ್ಲಿ ಬಂಧವು ಬಿಗಿಯಾಗಿದೆ, ವ್ಯುತ್ಪತ್ತಿಗೆ ಕೊರತೆಯಿಲ್ಲ. ಆದರೆ ಅರಸನ ಕೀರ್ತಿ ದಿಗಂತವನ್ನು ಮುಟ್ಟುವುದು, ಶತ್ರುಗಳು ಕಾಡಿಗೆ ಓಡುವುದು ಮೊದಲಾದ ಅತಿಶಯೋಕ್ತಿಗಳು ಆ ಕಾಲದ ಯಾವ ಅರಸನಿಗೂ ಸಲ್ಲುವಂಥವು. ಹೆಸರೊಂದನ್ನು ಬದಲಿಸಿದರೆ ಸಾಕು. ಆದಾಗ್ಯೂ ಶಾಸನಗಳಿಂದ ಸಾಹಿತ್ಯಭಾಗಗಳನ್ನು ಆಯ್ದು ಪಾಠಕ್ಕಿಡುವವರು ಪದ್ಯವನ್ನು ಎತ್ತಿಕೊಂಡು ಗದ್ಯವನ್ನು ಬಿಟ್ಟುಬಿಡುವುದು ರೂಢಿ. ಈ ರೂಢಿಯು ಸಾಧುವಲ್ಲ. ಈ ಶಾಸನದಲ್ಲಂತೂ ಹೆಸರು ಬದಲಿಸಿದರೆ ಕೆಟ್ಟುಹೋಗುವ ಮಾತುಗಳಿರುವುದು ಗದ್ಯದಲ್ಲಿ. ಕೊಟ್ಟ ಊರು, ಬಿಟ್ಟ ಭೂಮಿ, ವೇಣುಗ್ರಾಮದ ಪೇಟೆಯಲ್ಲಿ ಸ್ಥಳೀಯ ವರ್ತಕರೊಡನೆ ಲಾಳದೇಶದವರೂ ಮಲೆಯಾಳದವರೂ ಕೂಡಿ ತಂತಮ್ಮ ಸರಕಿನ ಮೇಲೆ ಒಪ್ಪಿಕೊಂಡ ಆಯ, ಇವೆಲ್ಲ ಬರುವಲ್ಲಿ ಜಿನಾಲಯವು ಜೀವಂತವಾಗಿ ಕಣ್ಣಿಗೆ ಕಟ್ಟುತ್ತದೆ. ಗುಜರಾತಿನ ವರ್ತಕನ ಹಣದಿಂದ ಕನ್ನಡನಾಡಿನ ಬಸದಿಯ ದೀಪವು ಉರಿಯಿತೆಂಬುದು ಎಷ್ಟು ಅಲಂಕಾರಗಳನ್ನು ಪೋಣಿಸಿದರೂ ದೊರೆಯದ ಚಮತ್ಕಾರ.

ಗದ್ಯವನ್ನು ಬಿಟ್ಟವರಿಗೆ ಬಸದಿಯ ಸ್ವರೂಪವೂ ತಪ್ಪಿಹೋಗುತ್ತದೆ. ಬಸದಿಯೆಂಬುದು ವಸತಿಶಬ್ದದ ತದ್ಭವ. ಶಬ್ದಾರ್ಥವೇ ಇರುವ ತಾಣ. ದತ್ತಿಯನ್ನು ಆಚಾರ್ಯರ ಕೈಗೆ ಒಪ್ಪಿಸಿದುದರಿಂದ ರಟ್ಟಜಿನಾಲಯವು ದೇವಗೃಹವಾಗಿದ್ದಂತೆ ಗುರುಪೀಠವೂ ಆಗಿತ್ತೆಂದು ತಿಳಿಯಬೇಕು. ಈ ಸೀಮೆಯಲ್ಲಿ ಇದು ಹೊಸ ಸಂಪ್ರದಾಯವಲ್ಲ. ಖಾನಾಪುರದ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳಲ್ಲಿ ರವಿವರ್ಮನು ಜಿನೋತ್ಸವಕ್ಕೂ, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳ ಆಹಾರಕ್ಕೂ ಕಟ್ಟಳೆ ಮಾಡಿದುದು ಪ್ರಸಿದ್ಧವಾಗಿದೆ.

ಮುಂದಿನ ಚರಿತ್ರೆ ಕೋಟೆಯದು. ರಟ್ಟರು ಹೋಗಿ ಯಾದವರು ಬಂದರು. ಬಹಮನಿ ಮಂತ್ರಿಯಾದ ಮಹಮೂದ ಗವಾನನು 1472ರಲ್ಲಿ ಕೋಟೆಯನ್ನು ಗೆದ್ದನು. ಆದಿಲಶಾಹಿಯ ಅಸದಖಾನನು ಆಳಿದನು. 1818ರಲ್ಲಿ ಮನ್ರೋ ಸಾಹೇಬನ ಸೈನ್ಯವು ಮುತ್ತಿ ಹಿಡಿಯಿತು. ದೇವಾಲಯಗಳ ಕಲ್ಲು ಕೋಟೆಯ ಗೋಡೆಗೆ ಸೇರಿತು. 19ನೆಯ ಶತಮಾನದಲ್ಲಿ ಬರ್ಜೆಸ್ ಮುಂತಾದವರು ನೋಡಿದಾಗ ಕೋಟೆಯ ಬಸದಿಯೊಂದು ಸೈನ್ಯದ ಉಗ್ರಾಣದ ಅಂಗಳದೊಳಗೆ ಸೇರಿಹೋಗಿತ್ತು. ಅಸದಖಾನನ ಹೆಸರಿನೊಡನೆ ಪ್ರಸಿದ್ಧವಾದ ಸಫಾ ಮಸೀದಿಯ ಕಂಬಗಳಲ್ಲಿ ಕನ್ನಡ ಶಾಸನಗಳಿದ್ದು, ಒಂದು ಇದೇ ಕಾರ್ತವೀರ್ಯನ ಕಾಲದ್ದು, 1199ರದು.

ವಿಮರ್ಶಕರು ನಿಂತು ನೋಡಬೇಕಾದುದು ಇಲ್ಲಿ. ಮಸೀದಿಗೆ ಕಂಬವಾಗಿ ಸೇರಿದ ಶಾಸನವು ಭಾರವನ್ನು ಹೊತ್ತುಕೊಂಡು ಬೆಳಗಾವಿಯಲ್ಲಿಯೇ ಉಳಿಯಿತು. ವಿದ್ಯಾಭಿಮಾನದಿಂದ ರಕ್ಷಿತವಾದ ಶಾಸನಗಳು ಏಳು ಕಡಲಾಚೆಗೆ ಹೋದವು. ಕಲ್ಲನ್ನು ಬೇರೆ ಕೆಲಸಕ್ಕೆ ಹಚ್ಚಿದವರನ್ನು ನಾಶಕರೆಂದೂ, ಎತ್ತಿ ಒಯ್ದವರನ್ನು ರಕ್ಷಕರೆಂದೂ ಎಣಿಸುವ ವಿಭಾಗವು ಇಷ್ಟು ಸುಲಭವಲ್ಲ. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯು 1536ರಿಂದ 1540ರ ವರೆಗೆ ಕ್ರೈಸ್ತಮಠಗಳನ್ನು ಮುಚ್ಚಿಸಿದ ಮೇಲೆ ಅವುಗಳ ಕಲ್ಲು ಶ್ರೀಮಂತರ ಮನೆಗಳಿಗೆ ಹೋಯಿತು. ಫೌಂಟನ್ಸ್ ಮಠದ ಅವಶೇಷವು 18ನೆಯ ಶತಮಾನದಲ್ಲಿ ಧನಿಕನೊಬ್ಬನ ಉದ್ಯಾನಕ್ಕೆ ಶೋಭೆಯಾಯಿತು. ಹಾಳನ್ನು ಕಂಡು ಸೊಗಸಾಗಿ ಮರುಗುವ ಅಭಿರುಚಿಯು ಬೆಳೆದುದು ಅಂಥ ಉದ್ಯಾನಗಳಲ್ಲಿ. ಕನ್ನಡದ ಗದ್ಯಕಾರರು ಅದನ್ನು ಪರೀಕ್ಷಿಸದೆ ಎರವಲು ತಂದಂತೆ ತೋರುತ್ತದೆ.

ಶಾಸನವಿಲ್ಲದ ಬಸದಿಗೆ ಏನಾಯಿತೆಂಬುದು ಅದರ ಹೆಸರಿನಿಂದಲೇ ತಿಳಿಯುತ್ತದೆ. ಶಾಸನದ ಹೆಸರು ರಟ್ಟಜಿನಾಲಯ. ಪರಂಪರೆಯು ಅದೇ ಎಂದು ತಿಳಿದಿರುವ ಕಟ್ಟಡಕ್ಕೆ ಜನರಿಟ್ಟ ಹೆಸರು ಕಮಲಬಸದಿ. ಅರಸುಮನೆತನವು ಮರೆತುಹೋಯಿತು, ತಲೆಯೆತ್ತಿದರೆ ಕಾಣುವುದು ಮಂಟಪದ ಛತ್ತಿನ ಕಮಲ. ಭೂತ, ವರ್ತಮಾನ, ಭವಿಷ್ಯತ್ತುಗಳ ಇಪ್ಪತ್ತುನಾಲ್ಕು ಇಪ್ಪತ್ತುನಾಲ್ಕು ತೀರ್ಥಂಕರರಿಗಾಗಿ ಅದಕ್ಕೆ 72 ದಳಗಳು. ಮೂರು ಕಾಲಗಳನ್ನು ಒಂದೇ ಹೂವಿನಲ್ಲಿ ಸೇರಿಸಿದ ಶಿಲ್ಪದ ಕೆಳಗೆ ನಿಂತು ಕಾಲವನ್ನು ಹಳಿಯುವುದು ರಸಾಭಾಸವಲ್ಲದೆ ಮತ್ತೇನು? ಆ ಶಿಲ್ಪಕ್ಕೆ ಉಚಿತವಾದುದು ಶಾಂತ. ಕಟ್ಟಿಸಿದವರೂ ಶೈಥಿಲ್ಯವನ್ನು ಅರಿಯದವರಲ್ಲ. ಖಂಡಸ್ಫುಟಿತ ಜೀರ್ಣೋದ್ಧಾರವೆಂಬ ಮಾತು ಇಂಥ ದತ್ತಿಗಳಲ್ಲಿ ರೂಢವಾದುದು. ಮುಂದೆ ಒಡೆಯುವುದನ್ನು ಕಟ್ಟುವಾಗಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಇಂದು ಬಸದಿಯು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಒಳಗೆ ನೇಮಿನಾಥನ ಬಿಂಬವಿದೆ. ಕಟ್ಟಡದ ಜೀರ್ಣೋದ್ಧಾರವು ನಡೆದಂತೆ ಪಾಠದ ಜೀರ್ಣೋದ್ಧಾರವೂ ನಡೆಯತಕ್ಕದ್ದು. ಎರಡು ಶಾಸನಗಳ ಪ್ರತಿಕೃತಿಗಳನ್ನು ಬಸದಿಯ ಬಳಿಯಲ್ಲಿಯೇ ನಿಲ್ಲಿಸಿ, ಪಾಠಪುಸ್ತಕಗಳಲ್ಲಿ ಪದ್ಯದೊಡನೆ ಗದ್ಯಭಾಗವನ್ನೂ ಲಾಳ ಮಲೆಯಾಳದ ವರ್ತಕರ ಆಯದ ಪಟ್ಟಿಯ ಸಹಿತ ಅಚ್ಚುಹಾಕಿಸುವುದು ವಿದ್ವತ್ಸಂಸ್ಥೆಗಳಿಗೆ ಅಸಾಧ್ಯವಾದ ಕಾರ್ಯವಲ್ಲ.