ಕಲಿತ ನುಡಿಯ ಕಣ್ಣೀರು

ನನ್ನ ತಾಯಿ ತೀರಿಕೊಂಡಾಗ ನಾನು ಮಲೆನಾಡಿನ ಒಂದು ಧರ್ಮಕೇಂದ್ರದ ಗುರುವಾಗಿದ್ದೆ. ಕರಾವಳಿಯ ನಮ್ಮೂರಿನಲ್ಲಿ ಅಂತ್ಯಕ್ರಿಯೆ ಮುಗಿಸಿ ಹಿಂದಿರುಗಿದ ಮೇಲೆ ಅಲ್ಲಿಯ ಜನರು ಪ್ರೀತಿಯಿಂದ ಆಕೆಯ ಆತ್ಮಶಾಂತಿಗಾಗಿ ಬಲಿಪೂಜೆಯನ್ನು ಏರ್ಪಡಿಸಿದರು. ನಾನೇ ಪ್ರಬೋಧನೆ ಮಾಡಿದೆ, ಕನ್ನಡದಲ್ಲಿ. ತಾಯಿಯ ಅಗಲಿಕೆ ತುಂಬಲಾರದ ನಷ್ಟವೆಂದೆ, ಆಕೆ ತ್ಯಾಗಮಯಿ ಎಂದೆ, ಉರಿದು ಬೆಳಕು ಕೊಟ್ಟ ಮೇಣದ ಬತ್ತಿ ಎಂದೆ. ಒಂದು ಮಾತೂ ತೊದಲಲಿಲ್ಲ. ಪೂಜೆಯ ಬಳಿಕ ಹಿರಿಯರೊಬ್ಬರು ಕೈಹಿಡಿದು, "ಬಹಳ ಚೆನ್ನಾಗಿ ಮಾತನಾಡಿದಿರಿ ಫಾದರ್" ಎಂದರು. ಅಂದು ರಾತ್ರಿ ತಂಗಿ ದೂರವಾಣಿಯಲ್ಲಿ ಕೊಂಕಣಿಯ ಎರಡೇ ಎರಡು ಪದ ನುಡಿದಳು: "ಮಾಂಯ್ ಗೆಲಿ." ಅಮ್ಮ ಹೋದಳು. ಹಗಲೆಲ್ಲ ಬಾರದಿದ್ದ ಅಳು ಆಗ ಬಂದಿತು.

ಪ್ರಿಯ ಓದುಗರೇ, ಆ ರಾತ್ರಿಯಿಂದ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡಿದೆ. ಪೀಠದ ಮೇಲೆ ನಿಂತು ಕನ್ನಡದಲ್ಲಿ ಆಡಿದ ನನ್ನ ದುಃಖ ಸುಳ್ಳಾಗಿತ್ತೇ? ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಗುರುಮಠದಲ್ಲಿ ಇಂಗ್ಲಿಷ್ ಎಂದು ಮೂರು ನುಡಿಗಳ ನಡುವೆ ಬೆಳೆದವನು ನಾನು. ನಮ್ಮ ಧರ್ಮಕೇಂದ್ರಗಳಲ್ಲಿ ಇಂಥ ಕುಟುಂಬಗಳಿಗೆ ಬರವಿಲ್ಲ. ಮನೆಮಾತು ಕೊಂಕಣಿಯೋ ತುಳುವೋ ತಮಿಳೋ ಮಲಯಾಳವೋ ಆಗಿದ್ದು, ಪ್ರಾರ್ಥನೆಯ ನುಡಿ ಕನ್ನಡವಾಗಿರುವವರು ಎಷ್ಟು ಮಂದಿ! "ನಿಜವಾದ ಭಾವನೆಗೆ ತಾಯ್ನುಡಿಯೇ ಬೇಕು, ಕಲಿತ ನುಡಿ ವ್ಯವಹಾರಕ್ಕಷ್ಟೇ" ಎಂಬ ಮಾತನ್ನು ಸಭೆಗಳಲ್ಲಿ ಆಗಾಗ ಕೇಳುತ್ತೇವೆ. ಈ ಮಾತು ನಿಜವಾಗಿದ್ದರೆ ನಾವೆಲ್ಲರೂ ದೇವರ ಮುಂದೆ ಎರವಲು ಉಡುಪಿನಲ್ಲಿ ನಿಂತವರೇ ಸರಿ.

ಆದರೆ ಕನ್ನಡ ಸಾಹಿತ್ಯವೇ ಈ ಮಾತಿಗೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆ. ಕನ್ನಡದ ಆಸ್ತಿ ಎಂದು ಕರೆಸಿಕೊಂಡ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳದು ಕೊಂಕಣಿ. ವರಕವಿ ದ. ರಾ. ಬೇಂದ್ರೆಯವರದು ಮರಾಠಿ. ಇವರು ಕಲಿತ ನುಡಿಯಲ್ಲಿ ಕೇವಲ ಪಾಂಡಿತ್ಯ ಮೆರೆದು ಹೋದವರಲ್ಲ. ಪ್ರೀತಿ, ಭಕ್ತಿ, ಮರಣಗಳಂಥ ಹೃದಯದ ವ್ಯವಹಾರವನ್ನೆಲ್ಲ ಕನ್ನಡದಲ್ಲಿಯೇ ನಡೆಸಿದವರು. ಹಾಗಿದ್ದರೆ ಅವರಿಗೆ ಒದಗಿದ್ದು ನನ್ನ ಪ್ರಬೋಧನೆಗೆ ಏಕೆ ಒದಗಲಿಲ್ಲ?

ಬೇಂದ್ರೆಯವರ ಒಂದು ಕವಿತೆಯನ್ನು ನೀವೆಲ್ಲರೂ ಬಲ್ಲಿರಿ. ಮಗು ಕೈತಪ್ಪಿ ಹೋಗುತ್ತಿರುವಾಗ, ತನ್ನತ್ತ ತಿರುಗಿ ತಿರುಗಿ ನೋಡುವ ಹೆಂಡತಿಯ ಕಣ್ಣನ್ನು ಎದುರಿಸಲಾರದೆ, ಹಾಗೆ ನೋಡಬೇಡವೆಂದು ಬೇಡಿಕೊಳ್ಳುವ ಗಂಡನ ಮಾತು ಅದು. ಹಲವು ಮಕ್ಕಳನ್ನು ಮಣ್ಣಿಗಿತ್ತ ತಂದೆ ಬರೆದದ್ದು. ಅಲ್ಲಿ ಹಗಲಿನ ಆಕಾಶದಲ್ಲಿ ತೇಲುವ ಚಂದ್ರ ಒಂದು ಕಳೇಬರವಾಗಿ ಕಾಣಿಸುತ್ತಾನೆ. ಕೊನೆಗೆ ಗಂಡನು, ನಗೆಯ ಮರೆಯಲ್ಲಿ ನೋವನ್ನು ಬಚ್ಚಿಡದೆ ಅತ್ತುಬಿಡು ಎನ್ನುತ್ತಾನೆ. ಈ ಕವಿತೆಯನ್ನು ಓದುವಾಗ ಒಂದು ಸಂಗತಿಯನ್ನು ನಾವು ಮರೆತೇಬಿಡುತ್ತೇವೆ. ಆ ಮನೆಯ ಮಾತು ಮರಾಠಿ! ಆ ಹೊತ್ತಿನಲ್ಲಿ ಗಂಡಹೆಂಡಿರ ನಡುವೆ ಏನಾದರೂ ಮಾತು ನಡೆದಿದ್ದರೆ ಅದು ಬಹುಶಃ ಕನ್ನಡದಲ್ಲಿ ನಡೆದಿರಲಾರದು. ಅಂದ ಮೇಲೆ ನಾವು ಓದುತ್ತಿರುವುದು ಒಂದು ನುಡಿಯಲ್ಲಿ ಬಾಳಿದ ದುಃಖವನ್ನು ಮತ್ತೊಂದು ನುಡಿಯಲ್ಲಿ. ಆದರೂ ಎಲ್ಲಿಯೂ ಹೊಲಿಗೆ ಕಾಣಿಸುವುದಿಲ್ಲ.

ಇದು ಹೇಗೆ ಸಾಧ್ಯವಾಯಿತು? ಕವಿತೆಯ ಒಂದೇ ಪದವನ್ನು ಗಮನಿಸಿದರೆ ಉತ್ತರ ದೊರೆಯುತ್ತದೆ. ಅಲ್ಲಿರುವುದು 'ದುಃಖ' ಅಲ್ಲ, 'ದುಕ್ಕ'. ಶಬ್ದಕೋಶದ ವಿಸರ್ಗವನ್ನು ಕಳಚಿಟ್ಟು ಧಾರವಾಡದ ಓಣಿಯ ಬಾಯಿಗೆ ಬಂದ ಪದ. ಬೇಂದ್ರೆಯವರಿಗೆ ಕನ್ನಡ ಪುಸ್ತಕದಿಂದಷ್ಟೇ ಬಂದುದಲ್ಲ. ಹೊಸ್ತಿಲು ದಾಟಿದೊಡನೆ ಕಿವಿಗೆ ಬಿದ್ದ ನುಡಿ ಅದು. ಸಂತೆಯಲ್ಲಿ, ಲಾವಣಿಯಲ್ಲಿ, ಬೀದಿಯ ಜಗಳದಲ್ಲಿ, ಹೆಂಗಸರ ಹಾಡಿನಲ್ಲಿ ಅವರು ಅದನ್ನು ಕೇಳಿದ್ದರು. ಇನ್ನೊಬ್ಬರು ಅಳುವುದನ್ನು ಆ ನುಡಿಯಲ್ಲಿ ಕೇಳಿದ್ದವರು ತಾವೂ ಅದರಲ್ಲಿ ಅಳಬಲ್ಲವರಾದರು. ಜೊತೆಗೆ ಆ ಕವಿತೆ ಲೋಕವನ್ನು ಉದ್ದೇಶಿಸಿ ತನ್ನ ದುಃಖವನ್ನು ಸಾರುವುದಿಲ್ಲ. ಅದು ಒಬ್ಬಳೊಡನೆ ಮಾತನಾಡುತ್ತದೆ, ಮತ್ತು ಆ ಒಬ್ಬಳು ಎದುರಿಗೇ ಇದ್ದಾಳೆ.

ಗೋವಿಂದ ಪೈಗಳ 'ಗೊಲ್ಗೊಥಾ' ಇದಕ್ಕಿಂತ ತೀರ ಬೇರೆಯಾದ ಕೃತಿ. ಕ್ರೈಸ್ತರಲ್ಲದ, ಕೊಂಕಣಿ ಮನೆಮಾತಿನ ಕವಿಯೊಬ್ಬರು ಪ್ರಭು ಯೇಸುವಿನ ಕೊನೆಯ ದಿನವನ್ನು ಕನ್ನಡ ಖಂಡಕಾವ್ಯವಾಗಿಸಿದ್ದು ನಮ್ಮ ಸಾಹಿತ್ಯದ ದೊಡ್ಡ ಘಟನೆಗಳಲ್ಲೊಂದು. ಶತಮಾನಗಳಿಂದ ಬಂದ ಪ್ರಾಸದ ಕಟ್ಟನ್ನು 1911ರಲ್ಲಿಯೇ ಬಿಡಲು ಧೈರ್ಯ ಮಾಡಿದವರು ಅವರು. ಈ ಕಾವ್ಯವನ್ನು ನಾನು ಮೊದಲು ಕೈಗೆತ್ತಿಕೊಂಡದ್ದು ಗುರುಮಠದ ದಿನಗಳಲ್ಲಿ. ಹಳಗನ್ನಡದ ರೂಪಗಳೂ ಸಂಸ್ಕೃತದ ಸಮಾಸಗಳೂ ಹೆಜ್ಜೆಹೆಜ್ಜೆಗೆ ತಡೆದವು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಶಿಲುಬೆಯ ಹಾದಿಯಲ್ಲಿ ನಡೆಯುವುದು ಹೇಗೆಂದು ನಾನು ಬೇಸರದಿಂದ ಪುಸ್ತಕವನ್ನು ಕೆಳಗಿಟ್ಟಿದ್ದೆ.

ಈಗ ಓದಿದಾಗ ಅಂದಿನ ನನ್ನ ತೀರ್ಪು ಅರ್ಧವಷ್ಟೇ ಸರಿಯೆನಿಸುತ್ತದೆ. ಪೈಗಳ ಕನ್ನಡ ಓಣಿಯದಲ್ಲ, ಗ್ರಂಥಭಂಡಾರದ್ದು. ಅವರು ಪಂಡಿತರು, ಸಂಶೋಧಕರು, ಅನೇಕ ಭಾಷೆಗಳನ್ನು ಬಲ್ಲವರು. ತಮ್ಮದಲ್ಲದ ಮತದ, ತಮ್ಮದಲ್ಲದ ನಾಡಿನ ಒಂದು ಯಾತನೆಯ ಮುಂದೆ ಅವರು ಚಪ್ಪಲಿ ಕಳಚಿ ನಿಂತಿದ್ದಾರೆ. ಆ ಬಿಗಿಯಾದ ಭಾಷೆ ಹಾಗೆ ನಿಂತವನ ವಿನಯ. ಮೆರವಣಿಗೆಯ ಗತಿಯಂತೆ ಅದು ನಮ್ಮನ್ನೂ ನಿಧಾನಗೊಳಿಸುತ್ತದೆ. ಚಿಕ್ಕಂದಿನಿಂದ ಕೇಳಿ ಕೇಳಿ ಸವೆದುಹೋದ ಕಥೆಯನ್ನು ಅಪರಿಚಿತ ಪದಗಳ ಮೂಲಕ ಮತ್ತೆ ಹೊಸದಾಗಿ ನೋಡುವಂತೆ ಮಾಡುತ್ತದೆ. ಇದು ಕಲಿತ ನುಡಿಯ ಒಂದು ವರ. ಆದರೆ ಪಿಸುಮಾತು ಸಾಕಾಗಿದ್ದ ಕಡೆಯಲ್ಲಿಯೂ ಕಾವ್ಯ ತನ್ನ ಗಾಂಭೀರ್ಯವನ್ನು ಇಳಿಸುವುದಿಲ್ಲವೆಂಬುದನ್ನೂ ಹೇಳಲೇಬೇಕು. ಅಲ್ಲೆಲ್ಲ ನಾವು ಕವಿಗೆ ತಲೆಬಾಗುತ್ತೇವೆ, ಕಣ್ಣು ಮಾತ್ರ ಒದ್ದೆಯಾಗುವುದಿಲ್ಲ. ಪೈಗಳ ಭಕ್ತಿಯನ್ನು ಶಂಕಿಸಿ ಈ ಮಾತನ್ನು ಹೇಳುತ್ತಿಲ್ಲ. ಪುಸ್ತಕದಿಂದ ಕಲಿತ ನುಡಿಗೆ ಗೌರವ ಸಲೀಸು, ಸಲುಗೆ ಕಷ್ಟ ಎಂಬುದನ್ನು ಅವರ ಕಾವ್ಯ ನನಗೆ ತೋರಿಸಿಕೊಟ್ಟಿತು.

ಈ ಕಷ್ಟವನ್ನು ಬಲ್ಲ ಇನ್ನೊಬ್ಬರು ಫರ್ಡಿನೆಂಡ್ ಕಿಟೆಲ್. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಶನ್ನಿನ ಮೂಲಕ ಇಲ್ಲಿಗೆ ಬಂದವರು. ಬಾಲ್ಯದಲ್ಲಿ ಕನ್ನಡದ ಸೋಂಕೂ ಇಲ್ಲದ ಅವರು 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಹೆಸರಿನಲ್ಲಿ ಕನ್ನಡ ಪದ್ಯವಾಗಿ ಹೊರತಂದರು. 1894ರಲ್ಲಿ ಪ್ರಕಟವಾದ ಅವರ ನಿಘಂಟನ್ನು ತೆರೆದು ನೋಡಿ. ಹಳೆಯ ಕಾವ್ಯಗಳ ಪ್ರಯೋಗಗಳ ಪಕ್ಕದಲ್ಲಿಯೇ ಜನರ ಬಾಯಿಯ ಗಾದೆಗಳು ಕುಳಿತಿವೆ. ಪದದ ಅರ್ಥ ಪುಸ್ತಕದಲ್ಲಿ ಸಿಕ್ಕೀತು, ಅದರ ಬಿಸಿ ಮಾತ್ರ ಬಾಯಿಯಿಂದ ಬಾಯಿಗೆ ದಾಟಬೇಕೆಂಬುದು ಆ ವಿದೇಶೀಯರಿಗೆ ತಿಳಿದಿತ್ತು.

ಇನ್ನು ನಮ್ಮ ಮನೆಗಳಿಗೆ ಬರೋಣ. ಕಲಿತ ನುಡಿ ಭಾವನೆಯನ್ನು ತಡೆಯುತ್ತದೆ ಎನ್ನುತ್ತೇವೆ. ಆದರೆ ಕೆಲವೊಮ್ಮೆ ಅದೇ ಬಾಗಿಲು ತೆರೆಯುತ್ತದೆ. ನಲವತ್ತು ವರ್ಷ ಸಂಸಾರ ಮಾಡಿದ ಗಂಡ ಹೆಂಡತಿಗೆ 'ಸಾರಿ' ಎಂದು ಹೇಳಿಯಾನು, ಮನೆಮಾತಿನಲ್ಲಿ 'ತಪ್ಪಾಯಿತು' ಎನ್ನಲು ಮಾತ್ರ ಅವನಿಗೆ ನಾಲಿಗೆ ಏಳದು. 'ಲವ್ ಯೂ ಅಮ್ಮ' ಎಂದು ಹೊರದೇಶದಿಂದ ಸಂದೇಶ ಕಳುಹಿಸುವ ಮಗ ಅದನ್ನೇ ತಾಯ್ನುಡಿಯಲ್ಲಿ ಬರೆಯಬೇಕಾದರೆ ನಾಚಿಕೊಂಡಾನು. ಬಹುಭಾಷಿಕರ ಭಾವನೆಗಳನ್ನು ಕುರಿತು ಭಾಷಾವಿಜ್ಞಾನಿ ಜಾನ್ ಮಾರ್ಕ್ ದೆವಾಲ್ ಅವರು 2010ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಬೈಗುಳವಾಗಲಿ ಪ್ರೇಮದ ಮಾತಾಗಲಿ ಬಹಳ ಮಂದಿಗೆ ಮೊದಲ ನುಡಿಯಲ್ಲಿಯೇ ಹೆಚ್ಚು ಭಾರವೆಂಬುದನ್ನು ಅವರು ಗುರುತಿಸಿದ್ದಾರೆ. ಎರಡನೆಯ ನುಡಿಯಲ್ಲಿಯೂ ಅಷ್ಟೇ ತೂಕವನ್ನು ಅನುಭವಿಸುವವರಿದ್ದಾರೆಂಬುದನ್ನೂ ಮರೆಮಾಡಿಲ್ಲ. ಭಾರವಾದುದನ್ನು ಹಗುರವಾದ ಪಾತ್ರೆಯಲ್ಲಿ ಎತ್ತುವುದು ತಪ್ಪಲ್ಲ, ಎತ್ತದೇ ಇರುವುದಕ್ಕಿಂತ ಅದು ಮೇಲು. ಆದರೆ ಪಾತ್ರೆ ಹಗುರವಾಗಿದೆಯೆಂದು ಅದರೊಳಗೆ ಏನನ್ನೂ ಇಡದೆ ದಾಟಿಸುವ ಅಪಾಯವೂ ಅಲ್ಲಿಯೇ ಇದೆ.

ಸಂತ ಮಾರ್ಕನ ಶುಭಸಂದೇಶವನ್ನು ಇದೇ ಕಣ್ಣಿನಿಂದೊಮ್ಮೆ ಓದಿ ನೋಡಬೇಕು. ಪ್ರಭು ಯೇಸುವಿನ ಆಡುನುಡಿ ಅರಮಾಯಿಕ್. ಮಾರ್ಕನು ಬರೆದದ್ದು ಗ್ರೀಕ್‌ನಲ್ಲಿ. ಆದರೂ ಸತ್ತ ಬಾಲೆಯ ಕೈಹಿಡಿದು ಎಬ್ಬಿಸುವಾಗ, ಕಿವುಡನ ಕಿವಿ ತೆರೆಯುವಾಗ, ಗೆತ್ಸೆಮನೆಯಲ್ಲಿ ತಂದೆಯನ್ನು 'ಅಬ್ಬಾ' ಎಂದು ಕರೆಯುವಾಗ, ಶಿಲುಬೆಯ ಮೇಲೆ ಕೂಗಿಕೊಳ್ಳುವಾಗ, ಆತನು ಯೇಸುವಿನ ಬಾಯಿಯ ಪದಗಳನ್ನು ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲಿ ಅರ್ಥವನ್ನೂ ಕೊಟ್ಟಿದ್ದಾನೆ. ಕೆಲವು ಮಾತುಗಳು ದಾಟುವುದಿಲ್ಲವೆಂದು ಆತನಿಗೆ ಗೊತ್ತಿತ್ತು. ದಾಟಿಸದೇ ಇರಲಾಗದೆಂಬುದೂ ಗೊತ್ತಿತ್ತು. ಇನ್ನೊಂದು ಸೂಕ್ಷ್ಮವೂ ಇದೆ. ಶಿಲುಬೆಯ ಆ ಕೂಗನ್ನು ಕೇಳಿ ಹತ್ತಿರ ನಿಂತಿದ್ದವರು ಆತನು ಎಲೀಯನನ್ನು ಕರೆಯುತ್ತಿದ್ದಾನೆಂದು ತಪ್ಪಾಗಿ ತಿಳಿದರು. ತಾಯ್ನುಡಿಯಲ್ಲಿ ಕೂಗಿದ ಮಾತ್ರಕ್ಕೆ ಅರ್ಥವಾಗಿಬಿಡುತ್ತದೆ ಎಂದೇನೂ ಇಲ್ಲ. ಕೇಳುವ ಮನಸ್ಸೂ ಬೇಕಲ್ಲವೇ?

ಈಗ ನನ್ನ ಪ್ರಶ್ನೆಗೆ ಹಿಂದಿರುಗುತ್ತೇನೆ. ನನ್ನ ದುಃಖ ಸುಳ್ಳಾಗಿರಲಿಲ್ಲ, ಕನ್ನಡಕ್ಕೂ ಅದನ್ನು ಹೊರುವ ಶಕ್ತಿ ಇಲ್ಲದಿರಲಿಲ್ಲ. ನಾನು ಆ ದಿನ ಆಡಿದ್ದು ಯಾರದೂ ಅಲ್ಲದ ಕನ್ನಡ. 'ತುಂಬಲಾರದ ನಷ್ಟ' ಪತ್ರಿಕೆಯ ಶ್ರದ್ಧಾಂಜಲಿಯಿಂದ ಬಂದುದು. 'ಮೇಣದ ಬತ್ತಿ' ನೂರು ಭಾಷಣಗಳಲ್ಲಿ ಉರಿದು ಮುಗಿದುದು. ಆ ಮಾತುಗಳನ್ನು ಯಾವ ತಾಯಿಯ ಮೇಲೆ ಬೇಕಾದರೂ ಹೊದಿಸಬಹುದಾಗಿತ್ತು. ಕಲಿತ ನುಡಿಯಲ್ಲಿ ಸಿದ್ಧ ಮಾತುಗಳು ಮೊದಲು ಕೈಗೆ ಸಿಗುತ್ತವೆ, ಏಕೆಂದರೆ ನಾವು ಅವುಗಳನ್ನೇ ಮೊದಲು ಕಲಿತಿರುತ್ತೇವೆ. ತಪ್ಪಿಲ್ಲದೆ ಮಾತನಾಡಬೇಕೆಂಬ ಭಯದಿಂದ ಅವುಗಳ ಹಿಂದೆ ಅಡಗಿಕೊಳ್ಳುತ್ತೇವೆ. ನಮ್ಮ ವಿಶ್ವಾಸಿಗಳ ಪ್ರಾರ್ಥನೆಗಳನ್ನೊಮ್ಮೆ ಕಿವಿಗೊಟ್ಟು ಕೇಳಿ. ರೋಗಿಗಳಿಗೂ ರೈತರಿಗೂ ವಿದ್ಯಾರ್ಥಿಗಳಿಗೂ ಒಂದೇ ಅಚ್ಚಿನ ವಾಕ್ಯ. ಅವುಗಳನ್ನು ಬರೆದುಕೊಡುವ ಗುರುಗಳಲ್ಲಿ ನಾನೂ ಒಬ್ಬನೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಒಂದು ವರ್ಷದ ಬಳಿಕ ತಾಯಿಯ ವಾರ್ಷಿಕ ಪೂಜೆಯೂ ಅದೇ ಚರ್ಚಿನಲ್ಲಿ ನಡೆಯಿತು. ಆ ಸಲ ನಾನು ಪ್ರಬೋಧನೆಯನ್ನು ಬರೆದುಕೊಂಡು ಹೋಗಲಿಲ್ಲ. ನಾನು ಗುರುಮಠಕ್ಕೆ ಹೊರಟ ದಿನ ಅಮ್ಮ ಅಳಲಿಲ್ಲವೆಂದೂ, ನನ್ನ ತಗಡಿನ ಪೆಟ್ಟಿಗೆಗೆ ಕಟ್ಟಿದ್ದ ಹಗ್ಗವನ್ನು ಗಟ್ಟಿಯಿಲ್ಲವೆಂದು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದಳೆಂದೂ ಹೇಳಿದೆ. ಕನ್ನಡದಲ್ಲಿಯೇ ಹೇಳಿದೆ. 'ಹಗ್ಗ' ಎಂಬ ಪದಕ್ಕೆ ಬಂದಾಗ ಧ್ವನಿ ನಿಂತುಹೋಯಿತು. ಮುಂದಿನ ವಾಕ್ಯ ವ್ಯಾಕರಣದ ಪ್ರಕಾರ ಸರಿಯಾಗಿತ್ತೋ ಇಲ್ಲವೋ ನನಗೆ ನೆನಪಿಲ್ಲ. ಪೂಜೆಯ ಬಳಿಕ ಚೆನ್ನಾಗಿ ಮಾತನಾಡಿದಿರಿ ಎಂದು ಯಾರೂ ಹೇಳಲಿಲ್ಲ. ವಯಸ್ಸಾದ ಒಬ್ಬ ತಾಯಿ ಬಂದು, ತನ್ನ ಮಗನೂ ದೂರದಲ್ಲಿದ್ದಾನೆಂದು ಹೇಳಿ ಸ್ವಲ್ಪ ಹೊತ್ತು ನನ್ನ ಪಕ್ಕದಲ್ಲಿಯೇ ನಿಂತಿದ್ದರು.

ಆದ್ದರಿಂದ ಓದುಗರೇ, ಮನೆಮಾತು ಯಾವುದೇ ಇರಲಿ, ಕನ್ನಡದಲ್ಲಿ ಪ್ರಾರ್ಥಿಸಲು, ಕ್ಷಮೆ ಬೇಡಲು, ಅಗಲಿದವರನ್ನು ನೆನೆಯಲು ಹಿಂಜರಿಯಬೇಡಿ. ದೊಡ್ಡ ಮಾತುಗಳನ್ನು ಹುಡುಕದೆ, ನಿಮ್ಮ ನೆನಪಿನಲ್ಲಿರುವ ಆ ಹಗ್ಗವನ್ನು ಹುಡುಕಿರಿ. ಅದಕ್ಕೆ ಬೇಕಾದ ಪದ ಕಲಿತ ನುಡಿಯಲ್ಲಿಯೂ ಇರುತ್ತದೆ.