ಪೋಲಿಷ್ ಭಾಷೆಯ ಹೊಸ ಸ್ತ್ರೀವಾಚಕಗಳು: ಎರವಲು, ಪ್ರತ್ಯಯ ಮತ್ತು ಪ್ರತಿಷ್ಠೆ

ಭಾಷೆಯೊಂದು ಅನ್ಯಭಾಷೆಯ ಪದವನ್ನು ಸ್ವೀಕರಿಸುವಾಗ ಅದರ ಅರ್ಥವನ್ನಷ್ಟೇ ಪಡೆದುಕೊಳ್ಳುವುದಿಲ್ಲ. ಆ ಪದವನ್ನು ತನ್ನ ವ್ಯಾಕರಣದ ಕಟ್ಟುಪಾಡುಗಳಿಗೂ ಒಳಪಡಿಸುತ್ತದೆ. ಇಂಗ್ಲಿಷಿನ ನಾಮಪದಗಳಲ್ಲಿ ವ್ಯಾಕರಣಾತ್ಮಕ ಲಿಂಗಭೇದವಿಲ್ಲ. ಪೋಲಿಷಿನಲ್ಲಿಯಾದರೋ ಲಿಂಗವಿಲ್ಲದ ನಾಮಪದವೇ ಇಲ್ಲ. 1989ರ ರಾಜಕೀಯ ಪರಿವರ್ತನೆಯ ಅನಂತರ ವಾಣಿಜ್ಯ, ಮಾಧ್ಯಮ ಮತ್ತು ಗಣಕ ಕ್ಷೇತ್ರಗಳ ಮೂಲಕ ಇಂಗ್ಲಿಷ್ ಪದಗಳು ಪೋಲಿಷನ್ನು ಹೇರಳವಾಗಿ ಪ್ರವೇಶಿಸಿವೆ. ಇವುಗಳಲ್ಲಿ ಸ್ತ್ರೀಯರನ್ನು ಸೂಚಿಸುವ ಪದಗಳು ಹೇಗೆ ರೂಪುಗೊಂಡವು, ಆ ಕ್ರಮವು ಪೋಲೆಂಡಿನ ದೀರ್ಘಕಾಲದ ಒಂದು ಭಾಷಾವಿವಾದದ ಮೇಲೆ ಯಾವ ಬೆಳಕನ್ನು ಚೆಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಪೋಲಿಷಿನಲ್ಲಿ ಅದು ಬಹುಮಟ್ಟಿಗೆ ಪದಾಂತ್ಯವನ್ನು ಅವಲಂಬಿಸಿದೆ. ಏಕವಚನದಲ್ಲಿ ವ್ಯಂಜನಾಂತ ಪದಗಳು ಸಾಮಾನ್ಯವಾಗಿ ಪುಲ್ಲಿಂಗ, ಆಕಾರಾಂತ ಪದಗಳು ಸಾಮಾನ್ಯವಾಗಿ ಸ್ತ್ರೀಲಿಂಗ. ಇಂಗ್ಲಿಷಿನಿಂದ ಬರುವ ವೃತ್ತಿವಾಚಕಗಳು ಬಹುತೇಕ ವ್ಯಂಜನಾಂತಗಳಾದುದರಿಂದ ಅವು ಹೊಸ್ತಿಲಲ್ಲಿಯೇ ಪುಲ್ಲಿಂಗಗಳಾಗಿಬಿಡುತ್ತವೆ. 'ಮ್ಯಾನೇಜರ್ ಬಂದರು' ಎಂಬ ಕನ್ನಡ ವಾಕ್ಯದಲ್ಲಿ ಗೌರವಾರ್ಥಕ ಬಹುವಚನವು ಲಿಂಗವನ್ನು ಮರೆಮಾಡುತ್ತದೆ. ಪೋಲಿಷಿನಲ್ಲಿ ಇಂಥ ಮರೆಯಿಲ್ಲ. ಭೂತಕಾಲದ ಕ್ರಿಯಾಪದವು ಗೌರವದ ಮಾತಿನಲ್ಲಿಯೂ ಬಂದದ್ದು ಗಂಡೋ ಹೆಣ್ಣೋ ಎಂಬುದನ್ನು ಹೇಳಿಯೇ ತೀರಬೇಕು. ಹೀಗಾಗಿ ಪುಲ್ಲಿಂಗವಾಗಿ ಬಂದ ಎರವಲು ಪದವನ್ನು ಮಹಿಳೆಗೆ ಅನ್ವಯಿಸಬೇಕಾದಾಗ ಭಾಷೆಯು ಏನಾದರೊಂದು ವ್ಯವಸ್ಥೆಯನ್ನು ಮಾಡಿಕೊಳ್ಳಲೇಬೇಕಾಗುತ್ತದೆ.

ಈ ವ್ಯವಸ್ಥೆಯಲ್ಲಿ ಮೂರು ಮಾರ್ಗಗಳನ್ನು ಗುರುತಿಸಬಹುದು. ಮೊದಲನೆಯದು, ಇಂಗ್ಲಿಷಿನ ಸ್ತ್ರೀವಾಚಕವನ್ನೇ ತಂದು ಅದಕ್ಕೆ ಆಕಾರವನ್ನು ಸೇರಿಸುವುದು. ವಿಮಾನದ ಪರಿಚಾರಿಕೆಯನ್ನು ಸೂಚಿಸುವ 'ಸ್ತ್ಯುವಾರ್ದೆಸಾ' ಹೀಗೆ ಬಂದುದು. ನೃತ್ಯಪ್ರದರ್ಶನಗಳ ನರ್ತಕಿಯನ್ನು ಕುರಿತ 'ಗೆರ್ಲ್ಸಾ' ಎಂಬ ಹಳೆಯ ಪದ ಇನ್ನೂ ಸ್ವಾರಸ್ಯಕರವಾದುದು. 'ಗರ್ಲ್ಸ್' ಎಂಬ ಬಹುವಚನಕ್ಕೆ ಆಕಾರ ಹತ್ತಿ ಒಬ್ಬಳೇ ನರ್ತಕಿಯ ಹೆಸರಾಗಿದೆ. ಎರಡನೆಯದು, ಪದವನ್ನು ಬದಲಿಸದೆ ಅವ್ಯಯದಂತೆ ಬಳಸುವುದು. 'ಬಿಜ್ನೆಸ್‌ವುಮನ್' ಸ್ತ್ರೀಲಿಂಗವೇ ಆದರೂ ವ್ಯಂಜನಾಂತವಾದುದರಿಂದ ಪೋಲಿಷಿನ ಏಳು ವಿಭಕ್ತಿಗಳಲ್ಲಿ ಯಾವುದನ್ನೂ ಧರಿಸಲಾರದೆ ನಿಂತಲ್ಲೇ ನಿಲ್ಲುತ್ತದೆ. ಮೂರನೆಯದು 'ಕಾ' ಪ್ರತ್ಯಯದ ಮಾರ್ಗ. ಎಲ್ಲಕ್ಕಿಂತ ಫಲವತ್ತಾದುದು ಇದೇ.

ಕನ್ನಡದಲ್ಲಿ 'ಇ', 'ಇತ್ತಿ', 'ಗಿತ್ತಿ' ಪ್ರತ್ಯಯಗಳು ಮಾಡುವ ಕೆಲಸವನ್ನು ಪೋಲಿಷಿನಲ್ಲಿ 'ಕಾ' ಮಾಡುತ್ತದೆ. ಆದರೆ ನಮ್ಮ 'ಗಿತ್ತಿ' ಹೂವಾಡಗಿತ್ತಿಯಂಥ ಹಳೆಯ ಕಸುಬುಗಳಲ್ಲಿಯೇ ಉಳಿದು ಇಂಗ್ಲಿಷ್ ಪದಗಳಿಗೆ ಹತ್ತಲಿಲ್ಲ. 'ಕಾ' ಹಾಗಲ್ಲ. ತರಬೇತುದಾರ್ತಿಗೆ 'ತ್ರೆನೆರ್ಕಾ', ನಾಯಕಿಗೆ 'ಲಿದೆರ್ಕಾ', ಅಭಿಮಾನಿಗೆ 'ಫಾಂಕಾ' ಎಂಬ ಪದಗಳು ನೆಲೆನಿಂತಿವೆ. ಅವುಗಳ ಬೆನ್ನಿಗೆ ಮೆನೆಜೆರ್ಕಾ, ಬ್ಲೊಗೆರ್ಕಾ, ಯುಟುಬೆರ್ಕಾ, ಇನ್‌ಫ್ಲುಎನ್ಸೆರ್ಕಾ ಬಂದವು. ಒಂಟಿಯಾಗಿ ಬಾಳುವ ಹೆಣ್ಣನ್ನು ಹಳೆಯ ಪೋಲಿಷ್ ಮದುವೆಯಾಗದೆ ಉಳಿದವಳೆಂದು ಹೀನಾಯವಾಗಿ ಹೆಸರಿಸುತ್ತಿತ್ತು. 'ಸಿಂಗಲ್' ಪದದಿಂದ ಹುಟ್ಟಿದ 'ಸಿಂಗ್ಯೆಲ್ಕಾ' ಆ ತಿರಸ್ಕಾರವನ್ನು ಕೈಬಿಟ್ಟಿದೆ. 'ಸ್ಪೋರ್ತ್ಸ್‌ಮೆನ್ಕಾ' ಎಂಬ ಕ್ರೀಡಾಪಟುವಿನ ಹೆಸರಿನೊಳಗೆ ಇಂಗ್ಲಿಷಿನ ಗಂಡಸೂ ಪೋಲಿಷಿನ ಹೆಂಗಸೂ ಒಟ್ಟಿಗೆ ಇದ್ದಾರೆ. ಆದರೂ ಅದು ಪೋಲಿಷ್ ಕಿವಿಗೆ ವಿಚಿತ್ರವೆನಿಸದು. ಈ ಪದಗಳೆಲ್ಲ ಏಳೂ ವಿಭಕ್ತಿಗಳಲ್ಲಿ ಸರಾಗವಾಗಿ ನಡೆಯುತ್ತವೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಇದೇ ಪ್ರತ್ಯಯವನ್ನು ಪ್ರತಿಷ್ಠಿತ ಪದವಿಗಳಿಗೆ ಸೇರಿಸಿದಾಗ ಪೋಲಿಷ್ ಸಮಾಜದಲ್ಲಿ ಪ್ರಬಲ ಆಕ್ಷೇಪಗಳು ಎದ್ದಿವೆ. ಅವು ಮುಖ್ಯವಾಗಿ ಮೂರು. 'ಕಾ' ವಸ್ತುಗಳ ಹೆಸರಿನಲ್ಲಿಯೂ ಬರುವುದರಿಂದ ಗೊಂದಲವಾಗುತ್ತದೆ ಎಂಬುದು ಮೊದಲನೆಯದು. 'ಪಿಲೋತ್ಕಾ' ಎಂದರೆ ವಿಮಾನ ನಡೆಸುವವಳೂ ಹೌದು, ಒಂದು ಬಗೆಯ ಟೋಪಿಯೂ ಹೌದು. 'ಕಾ' ಅಲ್ಪಾರ್ಥಕವೂ ಆದುದರಿಂದ ಪದವಿಯ ಘನತೆ ಕುಗ್ಗುತ್ತದೆ ಎಂಬುದು ಎರಡನೆಯದು. ಶಸ್ತ್ರವೈದ್ಯೆಗೆ 'ಹಿರುರ್ಶ್ಕಾ' ಎಂಬಂಥ ರೂಪಗಳು ಉಚ್ಚಾರಣೆಗೆ ಕಠಿಣ ಎಂಬುದು ಮೂರನೆಯದು.

ಎರವಲು ಪದಗಳ ಸಾಕ್ಷ್ಯದ ಮುಂದೆ ಈ ಆಕ್ಷೇಪಗಳು ದುರ್ಬಲವಾಗುತ್ತವೆ. ಬ್ಲೊಗೆರ್ಕಾ ಪದವನ್ನು ಕೇಳಿದ ಯಾರೂ ಅದನ್ನು ಚಿಕ್ಕ ವಸ್ತುವೆಂದಾಗಲಿ ಯಂತ್ರವೆಂದಾಗಲಿ ಭಾವಿಸುವುದಿಲ್ಲ. ಸಂದರ್ಭವೇ ಅರ್ಥವನ್ನು ನಿರ್ಣಯಿಸುತ್ತದೆ. ಉಚ್ಚಾರಣೆಯ ಆಕ್ಷೇಪದಲ್ಲಿ ಒಂದಿಷ್ಟು ಹುರುಳಿದೆ. ಇಂಗ್ಲಿಷಿನ 'ಎರ್' ಅಂತ್ಯಕ್ಕೆ 'ಕಾ' ಸುಲಭವಾಗಿ ಹೊಂದಿಕೊಳ್ಳುವಂತೆ ಎಲ್ಲ ಪದಗಳಿಗೂ ಹೊಂದಿಕೊಳ್ಳದು. ಆದರೆ 'ಪ್ರೊಫೆಸೋರ್ಕಾ' ಎಂಬುದರಲ್ಲಿ ಯಾವ ಕಾಠಿಣ್ಯವಿದೆ? ಧ್ವನಿರಚನೆಯಲ್ಲಿ ಅದು ತ್ರೆನೆರ್ಕಾ ಪದದ ಸಂಬಂಧಿಯೇ. ಅಡ್ಡಿ ಇರುವುದು ಧ್ವನಿಯಲ್ಲಲ್ಲ, ಪ್ರತಿಷ್ಠೆಯಲ್ಲಿ.

ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ರೊಫೆಸೋರ್ಕಾ, ದೊಕ್ತೋರ್ಕಾ ಮುಂತಾದ ರೂಪಗಳು ಬಳಕೆಯಲ್ಲಿದ್ದವು. ಎರಡನೆಯ ಮಹಾಯುದ್ಧದ ಅನಂತರ, ಪುಲ್ಲಿಂಗ ಪದವಿನಾಮದ ಹಿಂದೆ ಶ್ರೀಮತಿ ಎಂಬರ್ಥದ 'ಪಾನಿ' ಸೇರಿಸಿ 'ಪಾನಿ ಪ್ರೊಫೆಸೋರ್' ಎನ್ನುವುದೇ ಶಿಷ್ಟವೆನಿಸಿತು. 1992ರಲ್ಲಿ ಹನ್ನಾ ಸುಹೋತ್ಸ್ಕಾ ದೇಶದ ಮೊದಲ ಮಹಿಳಾ ಪ್ರಧಾನಿಯಾದಾಗ ಅವರೂ 'ಪಾನಿ ಪ್ರೆಮ್ಯೆರ್' ಆದರು. ಇಂಥ ಪ್ರಯೋಗದಲ್ಲಿ ಪದವಿನಾಮವು ವಿಭಕ್ತಿಯನ್ನು ಧರಿಸದೆ ಮರಗಟ್ಟುತ್ತದೆ. ಹೆಣ್ಣಿಗೆ ಗೌರವ ಸಲ್ಲಬೇಕಾದರೆ ಗಂಡಿನ ಪದವಿನಾಮವನ್ನು ಮುಟ್ಟದೆ ಹಾಗೆಯೇ ಹೊತ್ತುಕೊಳ್ಳಬೇಕು ಎಂಬ ನಂಬಿಕೆ ಇದರ ಹಿಂದಿದೆ. 2012ರಲ್ಲಿ ಕ್ರೀಡಾಸಚಿವೆ ಯೊಆನ್ನಾ ಮುಹಾ 'ಮಿನಿಸ್ತ್ರಾ' ಎಂಬ ಆಕಾರಾಂತ ರೂಪವನ್ನು ಬಯಸಿದಾಗ ನಗೆಯಾಟವೇ ನಡೆಯಿತು. ಪೋಲಿಷ್ ಭಾಷಾ ಮಂಡಳಿಯು 2019ರ ತನ್ನ ಅಭಿಪ್ರಾಯದಲ್ಲಿ ಸ್ತ್ರೀವಾಚಕಗಳ ಬಳಕೆಯ ಹಕ್ಕನ್ನು ಭಾಷಿಕರಿಗೇ ಬಿಟ್ಟಿತು. 2023ರ ಡಿಸೆಂಬರಿನಲ್ಲಿ ಅಧಿಕಾರಕ್ಕೆ ಬಂದ ಸರಕಾರದ ಕೆಲವು ಸಚಿವೆಯರು 'ಮಿನಿಸ್ತ್ರಾ' ರೂಪವನ್ನೇ ತಮ್ಮದಾಗಿಸಿಕೊಂಡರು.

ಹಾಗೆಂದು ಎರವಲು ಪದಗಳು ಸಮಾನತೆಯನ್ನು ತಂದುಕೊಟ್ಟವೆಂದು ಹೇಳಲಾಗದು. ಪೋಲಿಷ್ ಬಹುವಚನದಲ್ಲಿ ಪುರುಷವಾಚಕವೇ ಪ್ರತ್ಯೇಕ ವರ್ಗ. ಹತ್ತು ಮಂದಿ ಬ್ಲೊಗೆರ್ಕಾಗಳ ನಡುವೆ ಒಬ್ಬ ಬ್ಲೊಗೆರ್ ಬಂದು ಕುಳಿತರೆ ರೂಢಿಯಂತೆ ಇಡೀ ಗುಂಪು ಪುರುಷವಾಚಕವಾಗುತ್ತದೆ, ಕ್ರಿಯಾಪದವೂ ಅದನ್ನೇ ಅನುಸರಿಸುತ್ತದೆ. ಇದಲ್ಲದೆ 'ಕಾ' ಪ್ರತ್ಯಯ ತಡೆಯಿಲ್ಲದೆ ನೆಲೆಸಿದ್ದು ಗಂಡಸರು ಮೊದಲೇ ಕುರ್ಚಿ ಹಾಕಿಕೊಂಡು ಕೂತಿರದ ಹೊಸ ವೃತ್ತಿಗಳಲ್ಲಿ. ಹಿರಿಯ ಹುದ್ದೆಯ ಮಹಿಳೆಯರಲ್ಲಿ ಇಂದಿಗೂ ಹಲವರು ಮೆನೆಜೆರ್ಕಾ ಎನ್ನಿಸಿಕೊಳ್ಳುವುದಕ್ಕಿಂತ 'ಮೆನೆಜೆರ್' ಎನ್ನಿಸಿಕೊಳ್ಳುವುದನ್ನೇ ಇಷ್ಟಪಡುತ್ತಾರೆ. ಅದು ಅವರ ಆಯ್ಕೆ. ಆದರೆ ಎರಡರಲ್ಲಿ ಯಾವುದು ಹೆಚ್ಚು ತೂಕದ್ದೆಂದು ಆ ಆಯ್ಕೆಗೂ ಮುನ್ನವೇ ತೀರ್ಮಾನವಾಗಿರುತ್ತದೆ.

ಭಾಷೆಯ ಜಾಯಮಾನವೇ ಸ್ತ್ರೀವಾಚಕಗಳನ್ನು ಒಲ್ಲದು ಎಂಬ ವಾದವನ್ನು ಈ ಹೊಸ ಪದಗಳು ಸುಳ್ಳಾಗಿಸಿವೆ. ಪರಭಾಷೆಯ, ಲಿಂಗವಿಲ್ಲದ ಪದಕ್ಕೂ ಹೆಣ್ಣಿನ ರೂಪವನ್ನು ಕೊಡಬಲ್ಲ ವ್ಯಾಕರಣವು ತನ್ನಲ್ಲಿ ಬಹುಕಾಲದಿಂದ ನೆಲೆಸಿರುವ ಪದವಿನಾಮಗಳಿಗೆ ಅದನ್ನು ಕೊಡಲಾರದೆಂದು ನಂಬುವುದು ಕಷ್ಟ. ವ್ಯಾಕರಣಕ್ಕೆ ಈ ಶಕ್ತಿ ಮೊದಲಿನಿಂದಲೂ ಇತ್ತು. ಅದನ್ನು ಯಾವ ಪದಕ್ಕೆ ಬಳಸಬೇಕು, ಯಾವುದಕ್ಕೆ ಬಳಸಬಾರದು ಎಂದು ವಿಧಿಸಿದ್ದು ಸಮಾಜ.