ಲೈಸೆನ್ಸ್ ಪ್ರಚಾರ ಮತ್ತು ಅಂಜಿಕೆಯ ಭಾಷೆ

ರೇಡಿಯೊ ಕೇಳಲು ಒಂದು ಕಾಲಕ್ಕೆ ಸರಕಾರದ ಲೈಸೆನ್ಸ್ ಬೇಕಿತ್ತು ಎಂದರೆ ಇಂದಿನ ಹುಡುಗರು ನಗುತ್ತಾರೆ. ಗೋಕಾಕ, ಹುಕ್ಕೇರಿ ಮತ್ತು ಅಂದು ಗೋಕಾಕ ತಾಲೂಕಿಗೇ ಸೇರಿದ್ದ ಮೂಡಲಗಿಯಲ್ಲಿ ಧಾರವಾಡ ಆಕಾಶವಾಣಿ ಕೇಳುತ್ತಿದ್ದವರು ವರ್ಷವರ್ಷವೂ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಬೇಕಿತ್ತು. 1933ರ ಕಾನೂನಿನಂತೆ ಲೈಸೆನ್ಸ್ ಇಲ್ಲದೆ ಪೆಟ್ಟಿಗೆ ಇಟ್ಟುಕೊಳ್ಳುವುದೇ ಅಪರಾಧ. ಟಿ.ವಿ. ಬಂದ ಮೇಲೆ ಅದಕ್ಕೂ ಇದೇ ಪದ್ಧತಿ. 1980ರ ದಶಕದ ಮಧ್ಯದಲ್ಲಿ ಇದೆಲ್ಲ ರದ್ದಾಯಿತು.

ಆ ಕಾನೂನನ್ನು ನಮಗೆ ಕೊಟ್ಟ ಬ್ರಿಟನ್ನಿನಲ್ಲಿ ಮಾತ್ರ ಟಿ.ವಿ. ಶುಲ್ಕ ಇಂದಿಗೂ ಉಳಿದಿದೆ. ಅದನ್ನು ತಪ್ಪಿಸುವವರ ವಿರುದ್ಧದ ಪ್ರಚಾರಕ್ಕೆ ದೊಡ್ಡ ಇತಿಹಾಸವಿದೆ. 1952ರಲ್ಲಿ ಪತ್ತೆ ವಾಹನಗಳು ಬೀದಿಗಿಳಿದವು. 1970ರ ದಶಕದ ಒಂದು ಕಿರುಚಿತ್ರದಲ್ಲಿ ವಾಹನದೊಳಗಿನ ಸಿಬ್ಬಂದಿ ಯಾವ ಮನೆ, ಯಾವ ಕೋಣೆ, ಯಾವ ಕಾರ್ಯಕ್ರಮ ಎಂದು ಹೇಳಿಬಿಡುತ್ತಾರೆ. ನೋಡಲು ತಮಾಷೆಯಾಗಿದೆ, ಚುರುಕಾಗಿದೆ. ಆದರೆ ಆ ಹಣದಿಂದ ಏನು ತಯಾರಾಗುತ್ತದೆ, ಯಾರಿಗಾಗಿ ಎಂಬ ಮಾತೇ ಅದರಲ್ಲಿಲ್ಲ. ನೋಡುಗನೆಂದರೆ ಇನ್ನೂ ಸಿಕ್ಕಿಬೀಳದ ಕಳ್ಳ, ಅಷ್ಟೆ.

ಅಂಜಿಕೆಯ ಭಾರ ಎಲ್ಲರ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ಅಲ್ಲಿ ಈ ಅಪರಾಧಕ್ಕೆ ಶಿಕ್ಷೆಯಾಗುವವರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಮಂದಿ ಮಹಿಳೆಯರು. ತಪಾಸಣೆಯವರು ಕದ ತಟ್ಟಿದಾಗ ಹಗಲಿನಲ್ಲಿ ಮನೆಯಲ್ಲಿದ್ದು ಕದ ತೆರೆಯುವವರು ಅವರೇ ಎಂಬುದು ಅದಕ್ಕೊಂದು ಮುಖ್ಯ ಕಾರಣ. ಇಡೀ ಮನೆಯವರು ನೋಡಿದ ಟಿ.ವಿ.ಗೆ ದಂಡ ಅವರೊಬ್ಬರಿಗೆ.

ಹಣ ಕೇಳಲು ಬೇರೆ ದಾರಿಯಿಲ್ಲವೇ? ದೂರ ಹೋಗಬೇಕಿಲ್ಲ, ಹುಕ್ಕೇರಿಯನ್ನೇ ನೋಡಿ. 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಲ್ಲಿ ಕರೆಂಟು ಬಳಸುವವನು ಸದಸ್ಯನೂ ಆಗಬಲ್ಲ. ಬಾಕಿ, ಜಗಳ, ರಾಜಕೀಯ ಯಾವ ಸಹಕಾರಿ ಸಂಘಕ್ಕೂ ಹೊಸತಲ್ಲ. ಆದರೂ ಬಿಲ್ಲು ಕಟ್ಟಿದ ಸದಸ್ಯ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು, ಆಡಳಿತ ಮಂಡಳಿಗೆ ಮತ ಹಾಕಬಹುದು. ರೇಡಿಯೊ ಲೈಸೆನ್ಸ್ ಹೊಂದಿದವನಿಗೆ ಅಂಥ ಹಕ್ಕು ಯಾವತ್ತೂ ಇರಲಿಲ್ಲ.

ಇಂದು ಆಕಾಶವಾಣಿ, ದೂರದರ್ಶನಗಳಿಗೆ ನಮ್ಮ ಹಣ ತೆರಿಗೆಯ ಮೂಲಕ ಹೋಗುತ್ತಿದೆ. ಕದ ತಟ್ಟುವವರಿಲ್ಲ, ಹೆದರಿಸುವ ಪ್ರಚಾರವೂ ಇಲ್ಲ. ಲೈಸೆನ್ಸ್ ಹೋಯಿತೆಂದು ಸಂತೋಷಪಟ್ಟ ನಾವು, ಕೊಡುವುದು ಮಾತ್ರ ನಿಂತಿಲ್ಲ ಎಂಬುದನ್ನು ಮರೆತೆವು. ಮೂಡಲಗಿಯ ಕಬ್ಬು ಬೆಳೆಗಾರನ, ಗೋಕಾಕದ ಗಿರಣಿ ಕಾರ್ಮಿಕನ ಮಾತು ಆ ಪ್ರಸಾರದಲ್ಲಿ ಎಷ್ಟು ಕೇಳಿಬರುತ್ತದೆ? ಹಣ ಕೊಡುವವರೇ ಈ ಪ್ರಶ್ನೆ ಕೇಳದಿದ್ದರೆ ಬೇರೆ ಯಾರೂ ಕೇಳುವುದಿಲ್ಲ.